ಪೀಣ್ಯದ ಅಂಗಡಿಯಲ್ಲಿ ಸಿಕ್ಕ ಹಿರಿಯರಿಗೆ
ಕಳೆದ ಶನಿವಾರ ಎಂಡ್ ಮಿಲ್ (ಲೋಹ ಕೆತ್ತುವ ಕಟರ್) ಕೊಳ್ಳುತ್ತಾ ನಾನು ಗೊಣಗಿದ್ದನ್ನು ಕೇಳಿಸಿಕೊಂಡ ಹಿರಿಯರೇ, ಹೆಸರು ಕೇಳಲು ಮರೆತೆ, ಕ್ಷಮಿಸಿ. ಮನೆಯಲ್ಲಿರುವ ನನ್ನ ಪುಟ್ಟ ಮಿಲ್ಲಿಂಗ್ ಯಂತ್ರ ಅಲ್ಯೂಮಿನಿಯಂ ಮೇಲೆ ಸಾಲಿಗೊಂದು ಮೆಟ್ಟಿಲು ಬಿಡುತ್ತಿತ್ತು. ಮೂರು ಕಟರ್ ಬದಲಿಸಿದ್ದೆ. "ಕಟರನ್ನು ಬೈಯಬೇಡಿ, ತಲೆ ವಾಲಿದೆಯೇ ನೋಡಿ" ಎಂದಿರಿ. ಯಂತ್ರದ ತಲೆ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು!

ನೀವು ಹೇಳಿದಂತೆ, ಆ ತಲೆಯಲ್ಲಿ ಕಟರ್ ಹಿಡಿದು ತಿರುಗುವ ಸ್ಪಿಂಡಲ್‌ಗೆ ಡಯಲ್ ಗೇಜ್ (ಸೂಕ್ಷ್ಮ ಏರಿಳಿತ ತೋರುವ ಅಳತೆ ಸಾಧನ) ಕಟ್ಟಿ, ಕೈಯಿಂದ ತಿರುಗಿಸಿ, ಯಂತ್ರದ ಮೇಜಿನ ಎಡಬಲ ಅಳೆದೆ. 0.12 ಮಿ.ಮೀ. ವ್ಯತ್ಯಾಸ. ಬೋಲ್ಟ್ ಸಡಿಲಿಸಿ, ತಲೆಯನ್ನು ಮೆಲ್ಲಗೆ ತಟ್ಟಿ ತಟ್ಟಿ 0.02ಕ್ಕೆ ತರುವಷ್ಟರಲ್ಲಿ ರಾತ್ರಿ ಹನ್ನೊಂದು. ಈಗ ಬೆರಳಾಡಿಸಿದರೆ ಮೆಟ್ಟಿಲು ತಾಗುವುದಿಲ್ಲ.

ತುಂಬು ಧನ್ಯವಾದಗಳು. ಮತ್ತೆ ಸಿಕ್ಕರೆ ಕಾಫಿ ನನ್ನದು. ಮೇಜಿನ ಸಡಿಲದ ಬಗ್ಗೆಯೂ ಕೇಳುವುದಿದೆ.