ನಮ್ಮವಳಾಗಿ ಉಳಿಯುವ ಮಾತು

ಗಂಗಾವತಿ

ಮಗಳೇ, ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ತಾಯಿ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, ‘ದೊಡ್ಡಪ್ಪ, ಊರಿಗೆ ಬಂದಾಗ ಪ್ರಾಣಿಗಳ ಪರ ಬಾಯಿ ಬಿಟ್ಟರೆ ನಾನು ನಿಮ್ಮವಳಾಗಿ ಉಳಿಯುವುದಿಲ್ಲವೇನೋ’ ಎಂದು, ಆ ಮಾತು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಜಾತ್ರೆಯಲ್ಲಿ ಕುರಿ ಕಡಿಯುವುದು ಬೇಡ ಎಂದು ನೀನು ಅಂದಾಗ ಹಿರಿಯರು ಗದರಿದರು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ. ಪ್ರಾಣಿಬಲಿ ತಡೆಯುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದಲೇ ಇದೆ ಎಂಬುದೂ ಗೊತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ನಿನ್ನ ಭಯಕ್ಕೆ ನಾನೂ ಕಾರಣ.

ಸಂಪ್ರದಾಯವಾದಿ ಪಕ್ಷಗಳಿಗೆ ಮತ ಹಾಕುವವರಿಗೆ ಪ್ರಾಣಿಗಳ ಕಾಳಜಿ ಕಡಿಮೆ ಎಂದು ಕಾಲೇಜಿನಲ್ಲಿ ಹೇಳಿದರಂತೆ. ನನ್ನ ಮತ ಯಾರಿಗೆಂದು ನಿನಗೆ ಗೊತ್ತೇ ಇದೆ. ಓದಿದಾಗ ಸಿಟ್ಟು ಬಂತು. 1973ರಲ್ಲಿ ಅಮೆರಿಕದಲ್ಲಿ ಅಳಿವಿನಂಚಿನ ಜೀವಿಗಳನ್ನು ಕಾಯುವ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷ ನಿಕ್ಸನ್ ಅಲ್ಲಿನ ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದವರೇ ಅಲ್ಲವೇ ಎಂದು ಬರೆಯಲು ಕುಳಿತೆ. ಬರೆಯುತ್ತ ಬರೆಯುತ್ತ ಗುಡ್ಡದ ಹೊಗೆ ನೆನಪಾಯಿತು, ಪೆನ್ನು ಕೆಳಗಿಟ್ಟೆ.

ನನಗಾಗ ಹದಿನೈದು ವರ್ಷ, ಚಳಿಗಾಲ. ಹಟ್ಟಿಗೆ ತೋಳ ಬಿದ್ದು ಮೂರು ಕುರಿಮರಿಗಳನ್ನು ಒಯ್ದಿತ್ತು. ಬೆಳಗಾಗುತ್ತಲೇ ಗಂಡಸರೆಲ್ಲ ಗುಡ್ಡ ಹತ್ತಿದರು. ಬಿಲದ ಬಾಯಿಗೆ ತುಂಬಲು ಜಾಲಿಮುಳ್ಳಿನ ಹೊರೆ ಹೊತ್ತವನು ನಾನೇ. ಬೆಂಕಿ ಇಟ್ಟರು. ಒಳಗಿನ ಕುಂಯಿ ಕುಂಯಿ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಬೂದಿ ಸರಿಸಿ ನೋಡಿದರೆ ಐದು ಮರಿಗಳು, ಕಪ್ಪುಗಂದು ಮೈ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಾಯಿ ಎದುರು ಗುಡ್ಡದ ಬಂಡೆಯ ಮೇಲೆ ನಿಂತಿತ್ತು. ಕಲ್ಲು ಬೀಸಿದರೂ ಓಡಲಿಲ್ಲ.

ಬೆಂಕಿ ಇಡುವ ಮೊದಲು ‘ಬೇಡ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಹೇಳಿಬಿಟ್ಟರೆ ಇವರು ನನ್ನನ್ನು ತಮ್ಮವನೆಂದು ಎಣಿಸುವುದಿಲ್ಲ ಎಂದು ನುಂಗಿಕೊಂಡೆ. ಮಗಳೇ, ನಿನ್ನ ಪತ್ರದಲ್ಲಿ ಇರುವುದು ಅದೇ ಮಾತು.

ಕುರಿಮರಿಗಳನ್ನು ಕಳೆದುಕೊಂಡದ್ದು ನಮ್ಮ ಅಜ್ಜಿ. ಅವಳಷ್ಟು ಮಡಿ, ವ್ರತ, ಹಳೆಯ ಪದ್ಧತಿ ಹಿಡಿದವರು ನಮ್ಮ ಮನೆತನದಲ್ಲಿ ಇನ್ನೊಬ್ಬರಿಲ್ಲ. ‘ತೋಳ ತನ್ನ ಪಾಲು ತಿಂದಿತ್ತು, ನೀವು ಬಾಣಂತಿಯ ಮನೆಗೆ ಬೆಂಕಿ ಇಟ್ಟಿರಿ’ ಎಂದವಳು ಆ ರಾತ್ರಿ ಊಟಕ್ಕೆ ಏಳಲಿಲ್ಲ. ಅವಳನ್ನು ಯಾರೂ ಹೊರಗಿನವಳು ಎನ್ನಲಿಲ್ಲ. ನನಗೆ ಸಂಪ್ರದಾಯ ಎಂದರೆ ಅವಳು. ಇದನ್ನು ನಿನಗೆ ಎಂದೋ ಹೇಳಬೇಕಾಗಿತ್ತು.

ಈಗ ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿಯೇ ತೋಳಗಳಿಗಾಗಿ ಧಾಮವಾಗಿದೆ. 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಆ ಕಾಗದದ ತುಂಡನ್ನು ಪಂಚಾಂಗದೊಳಗೆ ಇಟ್ಟುಕೊಂಡಿದ್ದೇನೆ.

ನಿನಗೆ ಬುದ್ಧಿ ಹೇಳುವಷ್ಟು ನಾನೇನೂ ಮಾಡಿದವನಲ್ಲ. ಆದರೂ, ಕುರಿಗಾಹಿಗಳ ಮುಂದೆ ಮೊದಲಿಗೇ 1972ರ ವನ್ಯಜೀವಿ ಕಾನೂನು ತೆಗೆಯಬೇಡ. ಎಷ್ಟು ಮರಿ ಹೋದವು ಎಂದು ಕೇಳು, ಅವರು ಹೇಳಿ ಮುಗಿಸುವವರೆಗೆ ಕೂತಿರು. ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಬರೆಯುವುದೇ ಅವರಿಗೆ ದೊಡ್ಡ ತೊಡಕು, ಸಾಧ್ಯವಾದರೆ ಬರೆದುಕೊಡು. ಇವೆಲ್ಲ ನಿನಗೆ ತಿಳಿದಿರಬಹುದು, ತಪ್ಪು ತಿಳಿಯಬೇಡ.

ಬಾಯಿ ಮುಚ್ಚಿಕೊಂಡು ಮಾತ್ರ ಊರಿಗೆ ಬರಬೇಡ. ಮುಂದಿನ ಜಾತ್ರೆಯಲ್ಲಿ ಆ ಮಾತು ಎದ್ದರೆ ನಿನಗಿಂತ ಮೊದಲು ನಾನು ಎದ್ದು ನಿಲ್ಲುತ್ತೇನೆ, ಹಿರಿಯರು ಗದರುವುದಾದರೆ ನನ್ನನ್ನು ಗದರಲಿ.

ದೀಪಾವಳಿಗೆ ಎರಡು ದಿನ ಮೊದಲೇ ಬಾ. ಆ ಗುಡ್ಡಕ್ಕೆ ನಾನು ಮತ್ತೆ ಕಾಲಿಟ್ಟಿಲ್ಲ. ನೀನು ಜೊತೆಗಿದ್ದರೆ ಹತ್ತುತ್ತೇನೆ, ಬಿಲ ಇದ್ದ ಜಾಗ ತೋರಿಸುತ್ತೇನೆ.

ನಿನ್ನ
ದೊಡ್ಡಪ್ಪ