ಗಾಯಾಳುವಿನ ಸಂಬಳ ಲೆಕ್ಕದಿಂದ ಅಳಿಯುವುದಿಲ್ಲ

ಮಾನ್ಯ ಸಂಪಾದಕರೆ,

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಕಳೆದ ವಾರ ಕಿರು ಬರಹವೊಂದು ಬಂದಿತ್ತು. ಆಟಗಾರ ಇಡೀ ಋತುವಿಗೆ ಗಾಯಗೊಂಡರೆ ಅವನ ಸಂಬಳ ತಂಡದ ಲೆಕ್ಕದಿಂದ ಹೊರಗೆ ಹೋಗುತ್ತದೆ, ಅಷ್ಟೇ ಹಣಕ್ಕೆ ಬೇರೊಬ್ಬನನ್ನು ತರಬಹುದು ಎಂದು ಅದರಲ್ಲಿ ಬರೆದಿತ್ತು. ಇದು ಸರಿಯಲ್ಲ. ಬೆಳಿಗ್ಗೆ ನನ್ನ ಬಳಿ ಅಭ್ಯಾಸಕ್ಕೆ ಬರುವ ಹುಡುಗಿಯೊಬ್ಬಳು ಆ ತುಣುಕನ್ನು ಕತ್ತರಿಸಿ ತಂದು, ‘ಹಾಗಾದರೆ ಪೆಟ್ಟಾದವರಿಗೆ ಸಂಬಳ ನಿಂತುಹೋಗುತ್ತದೆಯೇ ಮೇಡಂ?’ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳಬೇಕೆನಿಸಿತು.

ಎನ್‌ಬಿಎಯಲ್ಲಿ ತಂಡದ ಒಟ್ಟು ಸಂಬಳಕ್ಕೆ ಪ್ರತಿ ವರ್ಷ ಒಂದು ಮಿತಿ ನಿಗದಿಯಾಗುತ್ತದೆ. 2023–24ರಲ್ಲಿ ಅದು ಸುಮಾರು 13 ಕೋಟಿ 60 ಲಕ್ಷ ಡಾಲರ್ ಇತ್ತು. ಮಿತಿ ಮುಟ್ಟಿದ ತಂಡ ಹೊರಗಿನವರನ್ನು ಮನಬಂದ ಬೆಲೆಗೆ ಸೇರಿಸಿಕೊಳ್ಳುವಂತಿಲ್ಲ. ಅದಕ್ಕೆ ನಿಯಮದಲ್ಲಿ ಬರೆದಿಟ್ಟ ಕೆಲವು ವಿನಾಯಿತಿಗಳಿವೆ. ಗಾಯಾಳು ಆಟಗಾರನ ವಿನಾಯಿತಿ ಅವುಗಳಲ್ಲಿ ಒಂದು. ಇದರಿಂದ ತಂಡಕ್ಕೆ ಲೀಗ್ ಒಂದು ಡಾಲರನ್ನೂ ಕೊಡುವುದಿಲ್ಲ. ಬದಲಿ ಆಟಗಾರನಿಗಾಗಿ ಮಿತಿ ಮೀರಿ ಖರ್ಚು ಮಾಡಲು ಅನುಮತಿ ಕೊಡುತ್ತದೆ, ಅಷ್ಟೆ. ಗಾಯಾಳುವಿಗೆ ಒಪ್ಪಂದದ ಪ್ರಕಾರ ಸಲ್ಲಬೇಕಾದ ಸಂಬಳ ಸಲ್ಲುತ್ತಲೇ ಇರುತ್ತದೆ, ಲೆಕ್ಕದಲ್ಲಿಯೂ ಪೂರ್ತಿಯಾಗಿ ಉಳಿಯುತ್ತದೆ. ಬದಲಿ ಆಟಗಾರನ ಸಂಬಳ ಅದರ ಮೇಲೆ ಬಂದು ಕೂರುತ್ತದೆ. ಸಂಬಳ ವಿಪರೀತ ಏರಿಸಿಕೊಂಡ ತಂಡಗಳು ಕಟ್ಟುವ ದಂಡ ತೆರಿಗೆಗೂ ಅದು ಸೇರುತ್ತದೆ.

ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಮೆಂಫಿಸ್ ಗ್ರಿಜ್ಲೀಸ್ ತಂಡದ 2023–24ರ ಋತುವಿಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಗಾಯಾಳುವಿನ ಸಂಬಳದ ಅರ್ಧ, ಅಥವಾ ಲೀಗ್ ಆ ವರ್ಷಕ್ಕೆ ಗೊತ್ತುಮಾಡಿದ ಮಧ್ಯಮ ಮಟ್ಟದ ವಿನಾಯಿತಿಯ (ಮಿತಿ ಮುಟ್ಟಿದ ತಂಡಗಳೂ ಹೊರಗಿನವರನ್ನು ಸೇರಿಸಿಕೊಳ್ಳಲು ಇರುವ ಇನ್ನೊಂದು ವಿನಾಯಿತಿ) ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಸಿಗುತ್ತದೆ. ಸ್ಟೀವನ್ ಆಡಮ್ಸ್ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಆ ವರ್ಷ ಆಡಲಿಲ್ಲ. ಅವರ ಸಂಬಳ ಸುಮಾರು 1 ಕೋಟಿ 26 ಲಕ್ಷ ಡಾಲರ್. ತಂಡಕ್ಕೆ ಸಿಕ್ಕ ವಿನಾಯಿತಿ 63 ಲಕ್ಷ. ಜನವರಿಯಲ್ಲಿ ತಾರಾ ಆಟಗಾರ ಜಾ ಮೊರಾಂಟ್ ಅವರ ಭುಜಕ್ಕೂ ಪೆಟ್ಟಾಯಿತು. ಅವರ ಸಂಬಳ 3 ಕೋಟಿ ಡಾಲರ್ ದಾಟಿತ್ತು. ಅರ್ಧವೆಂದರೂ ಒಂದೂವರೆ ಕೋಟಿಗೆ ಮೇಲಾಗಬೇಕಿತ್ತು. ಆದರೆ ಸಿಕ್ಕಿದ್ದು 1 ಕೋಟಿ 24 ಲಕ್ಷ ಮಾತ್ರ, ಏಕೆಂದರೆ ಆ ವರ್ಷದ ಮಧ್ಯಮ ಮಟ್ಟದ ಮೊತ್ತ ಅಷ್ಟೇ ಇತ್ತು. ದೊಡ್ಡ ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಅಷ್ಟೇ ದೊಡ್ಡ ಆಟಗಾರ ಈ ದಾರಿಯಲ್ಲಿ ಸಿಗುವುದಿಲ್ಲ.

ಷರತ್ತುಗಳೂ ಬಿಗಿಯಾಗಿವೆ. ಅರ್ಜಿಯನ್ನು ಜನವರಿ 15ರೊಳಗೆ ಹಾಕಬೇಕು. ಆಟಗಾರ ಜೂನ್ 15ರವರೆಗೆ ಅಂಗಳಕ್ಕೆ ಇಳಿಯುವ ಸಂಭವ ತೀರಾ ಕಡಿಮೆ ಎಂದು ಹೇಳಬೇಕಾದವರು ತಂಡದ ವೈದ್ಯರಲ್ಲ, ಲೀಗ್ ಕಡೆಯ ವೈದ್ಯರು. ಸಿಕ್ಕ ವಿನಾಯಿತಿ ಮಾರ್ಚ್ 10ಕ್ಕೆ ಮುಗಿದುಹೋಗುತ್ತದೆ. ಅದರಿಂದ ಒಬ್ಬನನ್ನು ಮಾತ್ರ ಸೇರಿಸಬಹುದು: ಹೊಸದಾಗಿ ಸೇರಿಸುವುದಾದರೆ ಆ ಋತುವಿನ ಮಟ್ಟಿಗೆ, ಬೇರೆ ತಂಡದಿಂದ ತರುವುದಾದರೆ ಒಪ್ಪಂದದ ಕೊನೆಯ ವರ್ಷದಲ್ಲಿರುವವನನ್ನು. ಹದಿನೈದು ಜನರ ಪಟ್ಟಿಯಲ್ಲಿ ಜಾಗವನ್ನು ತಂಡವೇ ಹೊಂದಿಸಿಕೊಳ್ಳಬೇಕು. ನಾಲ್ವರು ಒಟ್ಟಿಗೆ ಗಾಯಗೊಂಡಾಗ ಪಟ್ಟಿಗೆ ಹೆಚ್ಚುವರಿ ಹೆಸರು ಸೇರಿಸಲು ಬಿಡುವ ನಿಯಮ ಬೇರೆಯೇ ಇದೆ, ಎರಡನ್ನೂ ಬೆರೆಸಬಾರದು.

ನನಗೆ ಬಹಳ ಹಿಡಿಸಿದ ಅಂಶ ಇನ್ನೊಂದಿದೆ. ಗಾಯಾಳು ಎಣಿಸಿದ್ದಕ್ಕಿಂತ ಬೇಗ ಚೇತರಿಸಿಕೊಂಡರೆ ಆಡಬಹುದು. ಬದಲಿ ಆಟಗಾರ ಬಂದಾಗಿದೆ, ನೀನು ಹೊರಗೇ ಇರು ಎಂದು ಯಾರೂ ಹೇಳುವಂತಿಲ್ಲ. ತಂಡ ಅಷ್ಟರಲ್ಲಿ ವಿನಾಯಿತಿಯನ್ನು ಬಳಸಿಕೊಂಡಿರದಿದ್ದರೆ ಕಳೆದುಕೊಳ್ಳುವುದು ತಂಡ, ಆಟಗಾರನಲ್ಲ.

ಸಂಬಳ ಲೆಕ್ಕದಿಂದ ನಿಜವಾಗಿ ಹೊರಹೋಗುವುದು ವೃತ್ತಿಯೇ ಮುಗಿದಾಗ. ಮಯಾಮಿ ಹೀಟ್ ತಂಡದ ಕ್ರಿಸ್ ಬಾಷ್ ರಕ್ತ ಹೆಪ್ಪುಗಟ್ಟುವ ತೊಂದರೆಯಿಂದ 2016ರ ಫೆಬ್ರುವರಿಯ ನಂತರ ಆಡಲಿಲ್ಲ. 2017ರಲ್ಲಿ ಅವರ ಸಂಬಳ ತಂಡದ ಮಿತಿಯಿಂದ ಹೊರಬಿತ್ತು. ಆಗಲೂ ಬಾಷ್ ಅವರಿಗೆ ಬರಬೇಕಾದ ಹಣ ಬಂದಿತು. ನಿಮ್ಮ ಲೇಖಕರು ಬಹುಶಃ ಈ ಎರಡು ನಿಯಮಗಳನ್ನು ಒಂದೇ ಎಂದು ತಿಳಿದಿದ್ದಾರೆ.

ಕೋಟ್ಯಂತರ ಡಾಲರುಗಳ ಈ ಲೆಕ್ಕ ಬಳ್ಳಾರಿಗೆ ಏಕೆ ಬೇಕು? ಇಲ್ಲಿನ ಬಿಸಿಲಿಗೆ ಬೇಸಿಗೆಯ ಟೂರ್ನಿಗಳೆಲ್ಲ ರಾತ್ರಿ ದೀಪದ ಬೆಳಕಿನಲ್ಲಿ, ಸಿಮೆಂಟ್ ಅಂಗಳದಲ್ಲಿ ನಡೆಯುತ್ತವೆ. ಕಳೆದ ಬೇಸಿಗೆಯಲ್ಲಿ ನಾನು ತರಬೇತಿ ಕೊಟ್ಟ ತಂಡದ ಹುಡುಗನೊಬ್ಬ ರಿಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ ಹಾರಿ, ಎದುರಾಳಿಯ ಪಾದದ ಮೇಲೆ ಇಳಿದು, ಬಲಗಾಲಿನ ಹಿಮ್ಮಡಿಯ ಪಕ್ಕದ ಲಿಗಮೆಂಟ್ ಹರಿದುಕೊಂಡ. ಅವನು ಜೀನ್ಸ್ ಹೊಲಿಯುವ ಘಟಕದ ಟೈಲರ್. ಪೀಸ್ ಲೆಕ್ಕದಲ್ಲಿ ಕೂಲಿ. ಹೊಲಿಗೆ ಯಂತ್ರದ ಪೆಡಲ್ ಒತ್ತುವುದು ಅದೇ ಬಲಗಾಲು. ಪಾದ ಊರಲಾಗದೆ ಅವನು ಎಡಗಾಲಿನಲ್ಲಿ ಪೆಡಲ್ ಒತ್ತಲು ನೋಡಿದ; ಹೊಲಿಗೆ ಸೊಟ್ಟಗಾಗಿ ಪ್ಯಾಂಟುಗಳು ವಾಪಸು ಬಂದವು. ಕೊನೆಗೆ ಮನೆಯಲ್ಲೇ ಕೂರಬೇಕಾಯಿತು. ಎಕ್ಸ್‌ರೇ ಮತ್ತು ಕ್ರೇಪ್ ಬ್ಯಾಂಡೇಜಿನ ಖರ್ಚನ್ನು ಅವನ ತಾಯಿ ಸಾಲ ಮಾಡಿ ಕೊಟ್ಟರು.

ಸಂಘಟಕರನ್ನು ಕೇಳಿದರೆ, ಹನ್ನೆರಡು ಹೆಸರುಗಳ ಪಟ್ಟಿ ಕೊಟ್ಟಾಗಿದೆ, ಬದಲಿಯನ್ನು ಸೇರಿಸಲು ನಿಯಮವಿಲ್ಲ ಎಂದರು. ಆ ನಿಯಮ ಎಲ್ಲಿ ಬರೆದಿದೆ ಎಂದು ಕೇಳಿದರೆ ಉತ್ತರವಿಲ್ಲ. ಚಿಕಿತ್ಸೆಯ ಮಾತು ಎತ್ತಿದಾಗ, ಆಡಲು ಬಂದವರು ಪೆಟ್ಟಿಗೂ ಸಿದ್ಧರಿರಬೇಕು ಎಂದರು. ಪ್ರವೇಶ ಶುಲ್ಕದ ರಸೀದಿಯ ಹಿಂಬದಿ ಖಾಲಿಯಾಗಿತ್ತು. ಬಹುಮಾನದ ಮೊತ್ತವನ್ನು ಮಾತ್ರ ಫ್ಲೆಕ್ಸ್‌ನಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು.

ಎನ್‌ಬಿಎಯ ಹಣವನ್ನು ನಾನು ಇಲ್ಲಿ ಕೇಳುತ್ತಿಲ್ಲ. ಅಲ್ಲಿ ಆಟಗಾರರ ಸಂಘ ಮತ್ತು ಮಾಲೀಕರು ಎದುರುಬದುರು ಕುಳಿತು, ಪೆಟ್ಟು ಬೀಳುವ ಮೊದಲೇ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಯಾರು ಪರೀಕ್ಷಿಸಬೇಕು, ಯಾವ ತಾರೀಖಿನೊಳಗೆ, ಬದಲಿ ಯಾರು, ಖರ್ಚು ಯಾರದು ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ನಮ್ಮ ಟೂರ್ನಿಯ ಅರ್ಜಿಯಲ್ಲಿಯೂ ಇಷ್ಟನ್ನು ಬರೆಯಬಹುದು: ವೈದ್ಯರ ಚೀಟಿ ತಂದರೆ ಗಾಯಾಳುವಿನ ಜಾಗಕ್ಕೆ ಒಬ್ಬರನ್ನು ಸೇರಿಸಬಹುದು, ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಚಿಕಿತ್ಸೆಗೆ ಮೀಸಲು, ಗಾಯಾಳುವಿಗೂ ಬಹುಮಾನದಲ್ಲಿ ಸಮಪಾಲು. ಮೂರನೆಯದಕ್ಕೆ ಒಂದು ಪೈಸೆಯ ಹೆಚ್ಚುವರಿ ಖರ್ಚೂ ಇಲ್ಲ.

ಬರುವ ಬೇಸಿಗೆಯ ಟೂರ್ನಿಗಳ ಅರ್ಜಿ ಅಚ್ಚಿಗೆ ಹೋಗುವ ಮೊದಲು ಸಂಘಟಕರು ಈ ಸಾಲುಗಳನ್ನು ಸೇರಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕರಡು ಬರೆದುಕೊಡಲು ನಾನು ಸಿದ್ಧಳಿದ್ದೇನೆ. ಆ ಕಿರು ಬರಹದ ತಿದ್ದುಪಡಿಯನ್ನೂ ಅದೇ ಪುಟದಲ್ಲಿ ಪ್ರಕಟಿಸಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಕೌಲ್ ಬಜಾರ್, ಬಳ್ಳಾರಿ