ಅಂದಾಜು ಬಿಟ್ಟು, ಐಸಿಯುನಲ್ಲಿ ಅಳೆದು ಉಣಿಸೋಣ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ವೆಂಟಿಲೇಟರ್ ಮೇಲಿರುವ ರೋಗಿ ಹಸಿವು ಎನ್ನಲಾರ, ಸಾಕು ಎಂದೂ ಹೇಳಲಾರ. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಎಷ್ಟು ಆಹಾರ ಬಿಡಬೇಕೆಂದು ನಾವೇ ಲೆಕ್ಕ ಹಾಕಬೇಕು. ದೇಹ ಖರ್ಚು ಮಾಡುವ ಶಕ್ತಿಯನ್ನು ಅಳೆಯುವ ಯಂತ್ರವಿಲ್ಲದ ಕಡೆ ದಿನಕ್ಕೆ ಕೆಜಿಗೆ 20ರಿಂದ 25 ಕಿಲೊಕ್ಯಾಲೊರಿ ಎಂಬ ಅಂದಾಜೇ ಗತಿ. ಆದರೆ ಯಾವ ತೂಕಕ್ಕೆ? ಸಲೈನ್ ಏರಿ ಮೈ ಊದಿದವರು ತಕ್ಕಡಿಯಲ್ಲಿ 80 ಕೆಜಿ ತೂಗುತ್ತಾರೆ. ಮನೆಯವರು 65 ಇದ್ದರು ಎನ್ನುತ್ತಾರೆ. 25ರಂತೆ ಒಂದಕ್ಕೆ 2000, ಇನ್ನೊಂದಕ್ಕೆ 1625. ಜ್ವರ, ನಡುಕ ಬಂದರೆ ದೇಹದ ಶಕ್ತಿಯ ಖರ್ಚು ಏರುತ್ತದೆ, ನಿದ್ರೆಯ ಔಷಧ ಕೊಟ್ಟರೆ ಇಳಿಯುತ್ತದೆ.

ಹೆಚ್ಚು ಉಣಿಸಿದರೆ ರಕ್ತದ ಸಕ್ಕರೆ ಏರುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಿ ವೆಂಟಿಲೇಟರ್ ಬಿಡಿಸುವುದು ಕಷ್ಟವಾಗುತ್ತದೆ. ದಿನಗಟ್ಟಲೆ ಕಡಿಮೆ ಬಿದ್ದರೆ ಸ್ನಾಯು ಕರಗುತ್ತದೆ, ಉಸಿರೆಳೆಯುವ ಸ್ನಾಯುವೂ ಸೇರಿ.

ಶಕ್ತಿಯ ಖರ್ಚು ತಿಳಿಸುವ ಆ ಯಂತ್ರ, ಇಂಡೈರೆಕ್ಟ್ ಕ್ಯಾಲೊರಿಮೀಟರ್, ರೋಗಿ ಬಳಸುವ ಆಮ್ಲಜನಕ ಮತ್ತು ಬಿಡುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ನಿಮಿಷಕ್ಕೆ 250 ಮಿಲಿ ಆಮ್ಲಜನಕ, 200 ಮಿಲಿ ಡೈಆಕ್ಸೈಡ್ ಎಂದಿಟ್ಟುಕೊಳ್ಳಿ. 1949ರ ವೀರ್ ಸೂತ್ರದಂತೆ 250ನ್ನು 3.941ರಿಂದ, 200ನ್ನು 1.106ರಿಂದ ಗುಣಿಸಿ ಕೂಡಿ, ಮೊತ್ತವನ್ನು 1.44ರಿಂದ ಗುಣಿಸಿದರೆ ದಿನಕ್ಕೆ ಸುಮಾರು 1737 ಕಿಲೊಕ್ಯಾಲೊರಿ. ಕಫ ತೆಗೆದು, ಮಗ್ಗುಲು ಬದಲಿಸಿ ಅರ್ಧ ಗಂಟೆ ಬಿಟ್ಟು ಅಳೆಯಬೇಕು. ನಡುವೆ ವೆಂಟಿಲೇಟರ್ ಸೆಟ್ಟಿಂಗ್ ಮುಟ್ಟಬಾರದು. ಉಸಿರಿನ ಟ್ಯೂಬಿನ ಕಫ್ (ಶ್ವಾಸನಾಳದಲ್ಲಿ ಉಬ್ಬಿಸುವ ಗಾಳಿಬುಗ್ಗೆ) ಸುತ್ತ ಅಥವಾ ಎದೆಗೆ ಹಾಕಿದ ಡ್ರೈನಿನಲ್ಲಿ ಗಾಳಿ ಸೋರಿದರೆ, ವೆಂಟಿಲೇಟರ್ ಕೊಡುವ ಗಾಳಿಯಲ್ಲಿ ಆಮ್ಲಜನಕ 60 ಶೇಕಡಾ ದಾಟಿದರೆ ಆ ಅಂಕಿಯನ್ನು ನಂಬುವಂತಿಲ್ಲ. ಡೈಆಕ್ಸೈಡನ್ನು ಆಮ್ಲಜನಕದಿಂದ ಭಾಗಿಸಿದ ಅನುಪಾತ (ಇಲ್ಲಿ 0.8) 0.67ಕ್ಕಿಂತ ಕೆಳಗೆ ಅಥವಾ 1.3ಕ್ಕಿಂತ ಮೇಲೆ ಹೋದರೆ ಸೋರಿಕೆ ಹುಡುಕಿ ಮತ್ತೆ ಅಳೆಯಬೇಕು.

ಅಳೆದದ್ದನ್ನೆಲ್ಲ ಮೊದಲ ದಿನವೇ ಸುರಿಯುವುದು ತಪ್ಪು. ಆರಂಭದಲ್ಲಿ ದೇಹ ತಾನೇ ಗ್ಲೂಕೋಸ್ ತಯಾರಿಸುತ್ತಿರುತ್ತದೆ. ಆಗ ಅಳತೆಯ 70 ಶೇಕಡಾ ಮೀರದಿರುವುದು ಒಳ್ಳೆಯದು. ಮೊದಲೇ ಸೊರಗಿದವರಿಗೆ ಒಮ್ಮೆಲೇ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿಯುವ ಅಪಾಯವೂ ಇದೆ. ಮೊದಲ ದಿನದಿಂದಲೇ ಅಳತೆಯಂತೆ ಪೂರ್ತಿ ಕೊಟ್ಟ ಡೆನ್ಮಾರ್ಕಿನ ಪ್ರಯೋಗದಲ್ಲಿ (2017) ಆರು ತಿಂಗಳ ನಂತರದ ದೈಹಿಕ ಚೇತರಿಕೆ ಹೆಚ್ಚಲಿಲ್ಲ. ಅದಕ್ಕೇ ಯಂತ್ರದ ಜೊತೆ ತಿಳಿದವರೂ ಬೇಕು ಎನ್ನುತ್ತೇವೆ.

ಪ್ರತಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಐಸಿಯುಗೆ ಒಂದು ಯಂತ್ರ, ಅದನ್ನು ನಡೆಸಿ ನಿತ್ಯ ರೌಂಡ್ಸಿಗೆ ಬರುವ ಒಬ್ಬ ಡಯಟೀಶಿಯನ್ ಹುದ್ದೆ ಮಂಜೂರು ಮಾಡಿ. ಟೆಂಡರಿನಲ್ಲಿ ಯಂತ್ರದ ಬೆಲೆ ಮಾತ್ರ ಕೇಳಿದರೆ ಅದು ಮೂಲೆ ಸೇರುತ್ತದೆ. ಕ್ಯಾಲಿಬ್ರೇಶನ್ ಅನಿಲದ ಸಿಲಿಂಡರ್, ಅನಿಲದ ಮಾದರಿ ಎಳೆಯುವ ಕೊಳವೆ, ನೀರು ತಡೆಯುವ ಫಿಲ್ಟರ್, ಐದು ವರ್ಷದ ನಿರ್ವಹಣೆ ಇವೆಲ್ಲ ಒಂದೇ ಒಪ್ಪಂದದಲ್ಲಿರಲಿ.

ಯಂತ್ರ ಬರುವವರೆಗೂ ಆಗುವ ಕೆಲಸವಿದೆ. ರೋಗಿ ನಿಮಿಷಕ್ಕೆ ಬಿಡುವ ಡೈಆಕ್ಸೈಡ್ ಪ್ರಮಾಣವನ್ನು ಮಿಲಿಯಲ್ಲಿ ತೋರಿಸುವ ವೆಂಟಿಲೇಟರ್ ಇದ್ದಲ್ಲಿ ಆ ಅಂಕಿಯನ್ನು 8.19ರಿಂದ ಗುಣಿಸಲಿ, ದಿನದ ಖರ್ಚು ಸ್ಥೂಲವಾಗಿ ಸಿಗುತ್ತದೆ: ಮೇಲಿನ ಉದಾಹರಣೆಗೆ 1638 ಕಿಲೊಕ್ಯಾಲೊರಿ. ಕೇಸ್ ಶೀಟಿನಲ್ಲಿ ಬರೆದ ಆಹಾರದ ಪಕ್ಕದಲ್ಲಿ ನಿಜಕ್ಕೂ ಒಳಗೆ ಹೋದದ್ದನ್ನು ಬರೆಯುವ ಕಾಲಂ ಬರಲಿ. ಕೊಬ್ಬಿನ ದ್ರಾವಣದಲ್ಲಿ ಕೊಡುವ ನಿದ್ರೆಯ ಔಷಧ ಪ್ರೊಪೊಫಾಲ್ ಕೂಡ ಅಲ್ಲಿ ಸೇರಬೇಕು: ಗಂಟೆಗೆ 15 ಮಿಲಿ ಹರಿದರೆ ಅದರ ಕೊಬ್ಬಿನಿಂದಲೇ ದಿನಕ್ಕೆ 396 ಕಿಲೊಕ್ಯಾಲೊರಿ. ಇದಕ್ಕೆ ಬಜೆಟ್ ಬೇಡ, ತಮ್ಮ ಇಲಾಖೆಯ ಒಂದು ಸುತ್ತೋಲೆ ಸಾಕು.

ಇಂತಿ,
ಐಸಿಯು ವೈದ್ಯರು ಮತ್ತು ಡಯಟೀಶಿಯನ್‌ಗಳು